ಅಜ್ಜ ಕಾಲು ಹಿಂದಕ್ಕೆ ಎಳೆದುಕೊಂಡ

ಬಳ್ಳಾರಿ
17 ಏಪ್ರಿಲ್ 2025, ಗುರುವಾರ, ರಾತ್ರಿ ಹನ್ನೊಂದೂವರೆ

ಇವತ್ತು ಅಜ್ಜ ನನಗೆ ಬೈದ. ಬೈದ ಅನ್ನೋದಕ್ಕಿಂತ ಕಾಲು ಹಿಂದಕ್ಕೆ ಎಳೆದುಕೊಂಡ. ಬೋಗುಣಿಯ ನೀರೆಲ್ಲ ನನ್ನ ಮಡಿಲಿಗೆ ಚೆಲ್ಲಿತು. ನಾಲ್ಕು ವರ್ಷದಿಂದ ಹೋಗುತ್ತಿದ್ದೇನೆ, ಒಂದು ದಿನವೂ ಹೀಗೆ ಮಾಡಿದವನಲ್ಲ.

ಅಜ್ಜ ಇರುವ ಕುಷ್ಠರೋಗಿಗಳ ಕಾಲೊನಿಗೆ ನಾನು ಹೋಗುವುದು ಬುಧವಾರ. ನಿನ್ನೆ ಜೊತೆಗೆ ಬರುವ ಸನ್ಯಾಸಿನಿ ಸಿಸ್ಟರ್‌ಗೆ ಏನೋ ಮೀಟಿಂಗು. ಹಾಗಾಗಿ ಇವತ್ತು ಬೆಳಿಗ್ಗೆ ಹೋದೆವು. ಎಂಟು ಗಂಟೆಗೇ ಬಿಸಿಲು ಬೆನ್ನು ಸುಡುತ್ತಿತ್ತು. ಸಂಜೆ ಪವಿತ್ರ ಗುರುವಾರದ ಪೂಜೆ. ಯೇಸು ಶಿಷ್ಯರ ಕಾಲು ತೊಳೆದ ನೆನಪಿಗೆ ಫಾದರ್ ಕೈಯಲ್ಲಿ ಕಾಲು ತೊಳೆಸಿಕೊಳ್ಳುವ ಹನ್ನೆರಡು ಜನರಲ್ಲಿ ಅಪ್ಪನೂ ಒಬ್ಬ. ಅವನ ಬಿಳಿ ಪಂಚೆ ಇನ್ನೂ ಇಸ್ತ್ರಿ ಆಗಿರಲಿಲ್ಲ. ಬೇಗ ಮುಗಿಸಿ ಓಡಬೇಕು ಅನ್ನೋ ಆತುರದಲ್ಲೇ ನಾನು ಅಜ್ಜನ ಮುಂದೆ ಕೂತಿದ್ದೆ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಆಮೇಲೆ ಬರೆಯುವ ಧೈರ್ಯ ಇರುತ್ತದೋ ಇಲ್ಲವೋ.

ಎಡಗಾಲಿನ ಗಾಯದ ಬಗ್ಗೆ ಹೋದ ತಿಂಗಳು ಬರೆದಿದ್ದೆನಲ್ಲ, ಅದು ಮಾಗುತ್ತಾ ಬಂದಿದೆ. ಇವತ್ತು ನೋಡಿದರೆ ಬಲಗಾಲಿಗೆ ಹೊಸದು. ಅಜ್ಜನಿಗೆ ಮೆತ್ತನೆ ರಬ್ಬರಿನ ಎಂ.ಸಿ.ಆರ್. ಚಪ್ಪಲಿ ಬೇಕು. ಹಳೆಯದು ಹರಿದುಹೋಗಿದೆ. ಹೊಸದನ್ನು ಜನವರಿಯಿಂದ ಕೇಳುತ್ತಿದ್ದೇವೆ. "ಬರ್ತೈತೆ" ಅನ್ನೋದು ಬಿಟ್ಟು ಬೇರೇನೂ ಬಂದಿಲ್ಲ. ಕಾದು ಸಾಕಾಗಿ ಅಜ್ಜ ತಳ್ಳುಗಾಡಿಯಲ್ಲಿ ಒಂದು ಜೊತೆ ಕೊಂಡಿದ್ದಾನೆ. ಅದರ ಅಟ್ಟೆಯಿಂದ ಮೊಳೆ ಮೇಲೆ ಬಂದಿದೆ. ಮೂರು ದಿನ ಅದರ ಮೇಲೇ ನಡೆದಿದ್ದಾನೆ. ಮನೆಯ ನೆಲದ ಮೇಲೆ ರಕ್ತದ ಗುರುತು ಕಂಡು, ಇದು ಯಾರದು ಅಂತ ಪಕ್ಕದ ಮನೆಯವಳನ್ನು ಕೇಳಿದನಂತೆ.

ಕುಷ್ಠ ಬೆರಳನ್ನು ತಿಂದುಹಾಕುತ್ತದೆ ಅಂತ ಚಿಕ್ಕವಳಿದ್ದಾಗ ನಾನೂ ನಂಬಿದ್ದೆ. ಅದು ತಿನ್ನುವುದಿಲ್ಲ. ನರವನ್ನು ಕೊಲ್ಲುತ್ತದೆ. ನರ ಸತ್ತ ಮೇಲೆ ಬೆಂಕಿ, ಮೊಳೆ, ರಾತ್ರಿ ಬಂದು ಕಚ್ಚುವ ಇಲಿ, ಯಾವುದೂ ಗೊತ್ತಾಗುವುದಿಲ್ಲ. ಗಾಯ ಆಗುತ್ತದೆ, ಕೀವು ಆಗುತ್ತದೆ, ಮೂಳೆಗೆ ಹೋಗುತ್ತದೆ, ಬೆರಳು ಸವೆಯುತ್ತದೆ. 1946ರಲ್ಲಿ ವೆಲ್ಲೂರಿಗೆ ಬಂದ ಡಾಕ್ಟರ್ ಪಾಲ್ ಬ್ರ್ಯಾಂಡ್ ಇದನ್ನೇ ವರ್ಷಗಟ್ಟಲೆ ನೋಡಿ ನೋಡಿ ತೋರಿಸಿಕೊಟ್ಟರು. ನೋವು ದೇವರು ಕೊಟ್ಟ ಕಾವಲುಗಾರ ಅನ್ನೋ ಹಾಗೆ ಮಾತಾಡುತ್ತಿದ್ದರಂತೆ ಅವರು. ಈಸ್ಟರಿಗೆ ಮುಂಚಿನ ತಪಸ್ಸು ಕಾಲದ ನಲವತ್ತು ದಿನವೂ ನಾವು ನೋವು ಸಹಿಸಿಕೊಳ್ಳುವ ಬಗ್ಗೆ ಪ್ರಸಂಗ ಕೇಳುತ್ತೇವೆ. ಅಜ್ಜ ದುರ್ಗಮ್ಮನ ಗುಡಿಗೆ ಹೋಗಿ, ಕಾಲಿಗೆ ಒಂದಿಷ್ಟು ನೋವು ಕೊಡವ್ವ ಅಂತ ಬೇಡಿಕೊಳ್ಳುತ್ತಾನೆ.

ಮಾಡುವ ಕೆಲಸ ದೊಡ್ಡದೇನಲ್ಲ. ಇಪ್ಪತ್ತು ನಿಮಿಷ ತಣ್ಣೀರಿನಲ್ಲಿ ಕಾಲು ನೆನೆಸಬೇಕು. ಗಟ್ಟಿಯಾದ ಚರ್ಮವನ್ನು ಕಲ್ಲಿನಿಂದ ಮೆಲ್ಲಗೆ ಉಜ್ಜಬೇಕು. ಒದ್ದೆ ಇರುವಾಗಲೇ ಕೊಬ್ಬರಿ ಎಣ್ಣೆ ಸವರಬೇಕು. ಗಾಯ ಇದ್ದರೆ ತೊಳೆದು ಕಟ್ಟಬೇಕು. ನೀರು ಬಿಸಿ ಇದೆಯಾ ಅಂತ ನನ್ನ ಕೈ ಹಾಕಿ ನೋಡಬೇಕು. ಅಜ್ಜನ ಕಾಲಿಗೆ ಅದು ತಿಳಿಯುವುದಿಲ್ಲ. ಬೆಳಿಗ್ಗೆ ಆಟೋದಲ್ಲಿ ಸಿಸ್ಟರ್ ಸಂತ ಡೇಮಿಯನ್‌ರ ಮಾತೆತ್ತಿದ್ದರು. ಅವರು ತೀರಿಕೊಂಡಿದ್ದು 1889ರ ಏಪ್ರಿಲ್ 15, ಮೊನ್ನೆಗೆ 136 ವರ್ಷ. ಹವಾಯಿಯ ಮೊಲೊಕಾಯ್ ದ್ವೀಪದಲ್ಲಿ ಕುಷ್ಠರೋಗಿಗಳ ಜೊತೆ ಹನ್ನೊಂದು ವರ್ಷ ಕಳೆದ ಮೇಲೆ ಒಂದು ದಿನ ಕುದಿಯುವಂಥ ನೀರಿಗೆ ಕಾಲಿಟ್ಟರು, ಸುಟ್ಟಿದ್ದು ಗೊತ್ತಾಗಲೇ ಇಲ್ಲ. ಕಾಯಿಲೆ ತನಗೂ ಬಂದಿದೆ ಅಂತ ಅವರಿಗೆ ತಿಳಿದಿದ್ದು ಹಾಗೆ.

ಆ ಕತೆ ತಲೆಯಲ್ಲಿತ್ತು. ಪವಿತ್ರ ಗುರುವಾರ ಬೇರೆ. ಮನಸ್ಸು ಸ್ವಲ್ಪ ಉಬ್ಬಿಕೊಂಡಿತ್ತು ಅನ್ನಿ.

ಅಜ್ಜ ಕೇಳಿದ: "ಯವ್ವಾ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ನೀ ಯಾಕ ಬರ್ತೀ? ಆಸ್ಪತ್ರೆಯೋರು ಸಂಬಳಕ್ಕ ಬರ್ತಾರ. ನಿನಗ ಸಂಬಳ ಇಲ್ಲ. ಸಿಸ್ಟರಮ್ಮಗ ಮಕ್ಳಿಲ್ಲ ಮರಿಯಿಲ್ಲ, ಬರ್ತಾಳ. ನೀ ಯಾಕ?"

ಉತ್ತರ ನಾಲಿಗೆ ತುದಿಯಲ್ಲೇ ಇತ್ತು. ಧರ್ಮೋಪದೇಶದ ಕ್ಲಾಸಿನಲ್ಲಿ ಮಕ್ಕಳಿಗೆ ನಾನೇ ಹೇಳಿಕೊಡುವ ಉತ್ತರ. "ನಿನ್ನೊಳಗೆ ನಾನು ಯೇಸುಸ್ವಾಮಿನ ನೋಡ್ತೀನಜ್ಜ" ಅಂದೆ.

ಆಗ ಕಾಲು ಎಳೆದುಕೊಂಡಿದ್ದು.

"ಹಂಗಾದ್ರ ನನ್ನ ಯಾರು ನೋಡ್ತಾರ?"

ನಾನು ಮಡಿಲು ಒರೆಸಿಕೊಳ್ಳುತ್ತಿದ್ದೆ. ಅಜ್ಜ ನಿಲ್ಲಿಸಲಿಲ್ಲ. ಹೆಂಡತಿಯ ಅಣ್ಣಂದಿರು ನನ್ನಲ್ಲಿ ರೋಗ ನೋಡಿದರು, ಅವಳನ್ನು ಕರಕೊಂಡು ಹೋದರು. ಊರವರು ಹಿಂದಿನ ಜನ್ಮದ ಪಾಪ ನೋಡಿದರು. ಗುಡಿ ಮುಂದೆ ಕೂತಾಗ ತಟ್ಟೆಗೆ ರೂಪಾಯಿ ಹಾಕುವವರು ತಮ್ಮ ಪುಣ್ಯ ನೋಡಿದರು. ಈಗ ನೀನು ನಿನ್ನ ದೇವರನ್ನು ನೋಡುತ್ತೀನಿ ಅಂತೀ. "ನಾ ಏನು ಕಿಟಕಿ ಏನವ್ವ, ಎಲ್ಲಾರೂ ನನ್ನ ದಾಟಿ ಆಚೆ ನೋಡಾಕ? ನಾ ಏನು ಕೆಲಸ ಮಾಡ್ತಿದ್ದೆ, ಗೊತ್ತೈತೇನು ನಿನಗ?"

ಗೊತ್ತಿರಲಿಲ್ಲ. ನಾಲ್ಕು ವರ್ಷ. ಅಜ್ಜನ ಎರಡೂ ಪಾದದಲ್ಲಿ ಎಲ್ಲೆಲ್ಲಿ ಬಿರುಕಿದೆ ಅಂತ ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಅವನು ಏನು ಮಾಡುತ್ತಿದ್ದ ಅಂತ ಕೇಳಿಯೇ ಇರಲಿಲ್ಲ. ಕಾಲೊನಿಯವರು ಕಾಲೊನಿಯಲ್ಲೇ ಹುಟ್ಟಿದವರು ಅನ್ನೋ ಹಾಗೆ ಇದ್ದುಬಿಟ್ಟಿದ್ದೆ.

ಅಜ್ಜ ದರ್ಜಿ. ಕೌಲ್ ಬಜಾರಿನಲ್ಲಿ ಹೊಲಿಯುತ್ತಿದ್ದ. ಬಳ್ಳಾರಿಯಲ್ಲಿ ಜೀನ್ಸ್ ಇಷ್ಟೊಂದು ಜೋರಾಗುವ ಮುಂಚಿನ ಮಾತು. ಸ್ಕೂಲ್ ಯೂನಿಫಾರ್ಮು, ಮದುವೆ ಅಂಗಿ, ಜುಬ್ಬಾ. ಒಂದು ಸಂಜೆ ಪಕ್ಕದ ಮಿಷನ್ನಿನವನು ಕಿರುಚಿದ. ಏನಾಯಿತು ಅಂತ ಇವನು ಅವನ ಕಡೆ ನೋಡಿದ. ಅವನು ಇವನ ಕೈ ತೋರಿಸಿದ. ಸೂಜಿ ತೋರುಬೆರಳಿನ ಉಗುರು ತೂರಿಕೊಂಡು ಬಟ್ಟೆಗೆ ಇಳಿದಿತ್ತು. ಇವನು ಪೆಡಲ್ ತುಳಿಯುತ್ತಲೇ ಇದ್ದ. "ಬಟ್ಟೆ ಕೆಂಪಗಾತು. ಗಿರಾಕಿಗೆ ಏನು ಹೇಳೂದು ಅನ್ನೋದೇ ಚಿಂತಿ ಆತು ನನಗ."

ಡೇಮಿಯನ್‌ರಿಗೆ ಬಿಸಿನೀರು, ಅಜ್ಜನಿಗೆ ಸೂಜಿ. ಆ ಕತೆಯನ್ನು ನಾನು ಎಷ್ಟು ಸಲ ಮಕ್ಕಳಿಗೆ ಹೇಳಿಲ್ಲ! ಈ ಕತೆ ಎರಡಡಿ ದೂರದಲ್ಲೇ ಕೂತಿತ್ತು.

ಆಮೇಲೆ ಬಿಳಿ ಮಾತ್ರೆ ನುಂಗಿದ, ವರ್ಷಗಟ್ಟಲೆ. ಹಲವು ಔಷಧ ಸೇರಿಸಿ ಕೊಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು 1982ರಲ್ಲಿ. ಅಜ್ಜನ ಕೈಗೆ ಅದು ಸಿಕ್ಕಿದ್ದು ಎಷ್ಟೋ ವರ್ಷ ತಡವಾಗಿ. "ಮೂತ್ರ ಕೆಂಪಗ ಆಗ್ತಿತ್ತಲ್ಲ, ಆ ಮಾತ್ರಿ" ಅನ್ನುತ್ತಾನೆ. ಹನ್ನೆರಡು ತಿಂಗಳಿಗೆ ಕಾಯಿಲೆ ಹೋಯಿತು. ಈಗ ಅಜ್ಜನಿಂದ ಯಾರಿಗೂ ಏನೂ ಅಂಟುವುದಿಲ್ಲ. ಸತ್ತ ನರ ಮಾತ್ರ ವಾಪಸ್ ಬರಲಿಲ್ಲ, ಹೆಂಡತಿಯೂ ಬರಲಿಲ್ಲ. ಕುಷ್ಠ ಇದೆ ಅಂತ ಕಾರಣ ಕೊಟ್ಟು ವಿಚ್ಛೇದನ ಪಡೆಯುವ ಅವಕಾಶವನ್ನು ನಮ್ಮ ಕಾನೂನಿನಿಂದ ತೆಗೆದಿದ್ದು 2019ರಲ್ಲಿ. ವಾಸಿಯಾಗುವ ಕಾಯಿಲೆ ಅಂತ ಗೊತ್ತಾಗಿ ಮೂವತ್ತು ವರ್ಷಕ್ಕಿಂತ ಜಾಸ್ತಿ ಆದ ಮೇಲೆ.

ಸಿಸ್ಟರ್ ದೂರದಿಂದ ಎಲ್ಲ ಕೇಳಿಸಿಕೊಂಡಿದ್ದರು. ಆಟೋದಲ್ಲಿ ಏನೂ ಅನ್ನಲಿಲ್ಲ. ಇಳಿಯುವಾಗ ಮಾತ್ರ, "ಒಳ್ಳೆ ಪ್ರಸಂಗ ಆಯ್ತು ಅಲ್ವಾ ಇವತ್ತು" ಅಂತ ನಕ್ಕರು. ಕೇರಳದಿಂದ ಬಂದು ಮೂವತ್ತು ವರ್ಷ ಆಯಿತು. ಕೀಟಲೆ ಮಾಡುವಾಗ ಮಾತ್ರ ಅವರ ಕನ್ನಡದಲ್ಲಿ ಒಂದು ತಪ್ಪೂ ಇರುವುದಿಲ್ಲ.

ಮನೆಗೆ ಬಂದರೆ ಅಪ್ಪ ಬಚ್ಚಲಲ್ಲಿ ಹಿಮ್ಮಡಿ ಉಜ್ಜಿಕೊಳ್ಳುತ್ತಿದ್ದ. ಕಲ್ಲಿನಿಂದ. ಅಮ್ಮ ಬಾಗಿಲಲ್ಲಿ ನಿಂತು, "ಇನ್ನೊಂದು ಸಲ ಉಜ್ಜ್ರಿ, ಫಾದರ್ ಮುಂದೆ ಮಾನ ಹೋಗ್ತದೆ" ಅನ್ನುತ್ತಿದ್ದಳು. ಫಾದರ್ ತೊಳೆಯಲಿರುವ ಕಾಲನ್ನು ತೊಳೆದುಕೊಂಡೇ ಹೋಗಬೇಕು ನಮ್ಮಲ್ಲಿ. ಹನ್ನೆರಡೂ ಜನ ಹಾಗೇ ಬಂದಿದ್ದರು. ಒಬ್ಬರ ಪಾದದಿಂದ ಪೌಡರ್ ವಾಸನೆ ಮೂರನೇ ಬೆಂಚಿನವರೆಗೂ ಬಂತು. ಈ ಸಲ ಮೂವರು ಹೆಂಗಸರಿದ್ದರು, ಅದೊಂದು ಖುಷಿ. ಹೆಂಗಸರ ಕಾಲನ್ನೂ ತೊಳೆಯಬಹುದು ಅಂತ ಪೋಪ್ ಫ್ರಾನ್ಸಿಸ್ ನಿಯಮ ಬದಲಿಸಿದ್ದು 2016ರಲ್ಲಿ. ನಮ್ಮ ಬೀದಿಗೆ ಬರಲು ಒಂಬತ್ತು ವರ್ಷ ಬೇಕಾಯಿತು.

ಅಪ್ಪನ ಸರದಿ ಬಂದಾಗ ಗಂಟಲು ಕಟ್ಟಿತು, ಸುಳ್ಳು ಹೇಳುವುದಿಲ್ಲ. ಎಪ್ಪತ್ತೊಂದು ವರ್ಷದ ಕಾಲು. ಫಾದರ್ ಬಗ್ಗಿ ನೀರು ಹಾಕಿದರು, ಅಪ್ಪನ ಹೆಬ್ಬೆರಳು ಸ್ವಲ್ಪ ಕುಣಿಯಿತು. ಕಚಗುಳಿ ಆಯಿತಂತೆ. ಅಪ್ಪನ ಕಾಲಿಗೆ ಕಚಗುಳಿ ಆಗುತ್ತದೆ. ಇಷ್ಟು ದಿನ ಇದು ನನಗೆ ಒಂದು ವಿಷಯ ಅನಿಸಿರಲೇ ಇಲ್ಲ.

ಮತ್ತಾಯನ 25ನೇ ಅಧ್ಯಾಯ ತೆಗೆದು ಕೂತಿದ್ದೇನೆ. ಬೈಬಲನ್ನು ಕನ್ನಡಕ್ಕೆ ತರಲು ಹೆಣಗಿದ ಜಾನ್ ಹ್ಯಾಂಡ್ಸ್ 1810ರಲ್ಲಿ ಬಂದು ನೆಲೆಸಿದ್ದು ನಮ್ಮ ಬಳ್ಳಾರಿಯಲ್ಲೇ. ಪ್ರೊಟೆಸ್ಟಂಟರ ಸಿಎಸ್ಐ ಚರ್ಚಿನ ನಮ್ಮ ಅತ್ತಿಗೆ ಇದನ್ನು ವರ್ಷಕ್ಕೆ ಮೂರು ಸಲವಾದರೂ ಹೇಳುತ್ತಾಳೆ. ಹೇಳಲಿ ಬಿಡಿ. ನಾನು ತೆಗೆದದ್ದು ನನ್ನ ಉತ್ತರ ಎಲ್ಲಿಂದ ಬಂತು ಅಂತ ನೋಡಲು. ಹಸಿದವನಿಗೆ ಊಟ ಕೊಟ್ಟಿದ್ದು, ರೋಗಿಯನ್ನು ನೋಡಿಕೊಂಡಿದ್ದು ನನಗೇ ಮಾಡಿದ ಹಾಗೆ ಅಂತ ಅರಸ ಹೇಳುವ ಜಾಗ. ಸಾವಿರ ಸಲ ಓದಿದ್ದೇನೆ. ಇವತ್ತು ಕಣ್ಣು ಬೇರೆ ಕಡೆ ನಿಂತಿತು. ಆ ಒಳ್ಳೆಯವರು ಅರಸನಿಗೆ ಏನು ಕೇಳುತ್ತಾರೆ? ಸ್ವಾಮಿ, ನೀನು ಹಸಿದಿದ್ದನ್ನು ನಾವು ಯಾವಾಗ ನೋಡಿದೆವು ಅಂತ. ಅಂದರೆ ಅವರಿಗೆ ಗೊತ್ತೇ ಇರಲಿಲ್ಲ! ಅನ್ನ ಬಡಿಸುವಾಗ ಅವರು ಯೇಸುವನ್ನು ನೋಡಿರಲಿಲ್ಲ. ಹಸಿದವನೊಬ್ಬ ಎದುರಿಗೆ ಕೂತಿದ್ದ, ಅವನನ್ನು ನೋಡಿದ್ದರು. ಅಷ್ಟೇ. ನಾನು ಮೊದಲೇ ಉತ್ತರ ಕಲಿತುಕೊಂಡು ಪರೀಕ್ಷೆಗೆ ಹೋದವಳು.

ಹಾಗಂತ ಕಲಿತಿದ್ದೆಲ್ಲ ಸುಳ್ಳು ಅಂತಲೂ ಅನಿಸುವುದಿಲ್ಲ. ಮೊದಲ ಬುಧವಾರ ಆ ವಾಸನೆಗೆ ಹೊರಗೆ ಓಡಿ ವಾಂತಿ ಮಾಡಿಕೊಂಡವಳನ್ನು ಮತ್ತೆ ಒಳಗೆ ಕರಕೊಂಡು ಹೋಗಿದ್ದು ಅದೇ ಉತ್ತರ. ಯೇಸು ಅಂತ ಅಂದುಕೊಳ್ಳದಿದ್ದರೆ ನಾನು ಎರಡನೇ ಬುಧವಾರ ಹೋಗುತ್ತಿರಲಿಲ್ಲ. ಅಜ್ಜನಿಗೆ ಇದನ್ನು ಹೇಗೆ ಹೇಳುವುದು? ಹೇಳಬೇಕಾ?

ನಾಳೆ ಶುಭ ಶುಕ್ರವಾರ. ಕಾಲಿಗೆ ಮೊಳೆ ಅಂದರೆ, ನೋಡಿ, ಅಜ್ಜನ ಗಾಯ ತೊಳೆಯುವಾಗಲೂ ನನಗೆ ಬೇರೆಯೇ ಕಾಲು ನೆನಪಾಗಿತ್ತು. ಮತ್ತೆ ಅದೇ. ಕಿಟಕಿ.

ಮೊಬೈಲಿನಲ್ಲಿ ಈಗ ನೋಡಿದೆ, ಪೋಪ್ ಇವತ್ತು ರೋಮ್‌ನ ರೆಜೀನಾ ಚೇಲಿ ಜೈಲಿಗೆ ಹೋಗಿದ್ದರಂತೆ. ಎಂಬತ್ತೆಂಟು ವರ್ಷ. ಮೂವತ್ತೆಂಟು ದಿನ ಆಸ್ಪತ್ರೆಯಲ್ಲಿದ್ದು ಹೋದ ತಿಂಗಳಷ್ಟೇ ಬಂದವರು. ಪ್ರತಿ ವರ್ಷ ಕೈದಿಗಳ ಕಾಲು ತೊಳೆಯುತ್ತಿದ್ದೆ, ಈ ಸಲ ಆಗುವುದಿಲ್ಲ, ಆದರೂ ನಿಮ್ಮ ಹತ್ತಿರ ಇರಬೇಕು ಅನಿಸಿತು ಅಂತ ಹೇಳಿ ಬಂದರಂತೆ. ಸುಮ್ನೆ ನೋಡಿಕೊಂಡು ಬರಲು ಹೋದದ್ದು. ಗಾಲಿಕುರ್ಚಿಯಲ್ಲಿ.

ಹಾಂ, ಇದನ್ನು ಬರೆಯುವುದು ಮರೆತೆ. ನಾನು ಬ್ಯಾಂಡೇಜ್ ಕಟ್ಟಿ ಎದ್ದಾಗ ಅಜ್ಜ ನನ್ನ ಚೂಡಿದಾರದ ತೋಳನ್ನೇ ನೋಡುತ್ತಿದ್ದ. ಕೋಪ ಇಳಿದಿತ್ತು. "ಯಾರು ಹೊಲಿದಿದ್ದು ಇದನ್ನ? ಎಡತೋಳು ಹಿಂದಕ್ಕ ಎಳೀತೈತಿ. ಹೆಗಲಿನ ಹತ್ರ ಬಿಚ್ಚಿ ಅರ್ಧ ಇಂಚು ಮುಂದ ತರಬೇಕು" ಅಂದ. ಸತ್ಯನಾರಾಯಣಪೇಟೆಯ ಟೈಲರಿಗೆ ಮುನ್ನೂರೈವತ್ತು ಕೊಟ್ಟು ಹೊಲಿಸಿದ್ದು. ಎಡತೋಳು ಎಳೆಯುವುದು ನಿಜ. ವರ್ಷದಿಂದ ನನ್ನ ಭುಜದ್ದೇ ಏನೋ ದೋಷ ಅಂದುಕೊಂಡಿದ್ದೆ. "ತಗೊಂಡು ಬಾ, ನಾ ಹೇಳ್ತೀನಿ, ನೀ ಹೊಲಿ. ನನ್ನ ಕೈಯಾಗ ಸೂಜಿ ನಿಲ್ಲಂಗಿಲ್ಲ" ಅಂದ.

ನಾಳೆ ಮಧ್ಯಾಹ್ನ ಮೂರು ಗಂಟೆಗೆ ಚರ್ಚಿನಲ್ಲಿರಬೇಕು. ಬೆಳಿಗ್ಗೆ ಶಿಲುಬೆ ಹಾದಿ, ಅದು ಹತ್ತಕ್ಕೆ ಮುಗಿಯುತ್ತದೆ. ನಡುವೆ ಹೋಗಿಬಂದರೆ ಆಗುತ್ತದಾ? ಉಪವಾಸ ಬೇರೆ, ಆ ಬಿಸಿಲಲ್ಲಿ. ಬುಧವಾರದವರೆಗೆ ಕಾಯಬಹುದು. ಚೂಡಿದಾರ ಇನ್ನೂ ಒದ್ದೆ ಇದೆ, ತಂತಿ ಮೇಲೆ. ನೀಲಿ ದಾರ ಮನೆಯಲ್ಲಿ ಇತ್ತು, ಅಮ್ಮನ ಡಬ್ಬಿಯಲ್ಲಿ ಇರಬೇಕು, ಎದ್ದು ನೋಡಿದರೆ ಅವಳಿಗೆ ಎಚ್ಚರ ಆಗುತ್ತದೆ