37 ಡಿಗ್ರಿ ಎಂದು ಬರೆದಿಟ್ಟ ಆ ಜಾಯಿಂಟ್

ಮೆಂಟೆನೆನ್ಸ್ ಕೆಲಸಕ್ಕೆ ಸೇರಿದ ಹೊಸತು. ಎಲೆಕ್ಟ್ರಿಕಲ್ ಪ್ಯಾನೆಲ್‌ಗಳ ಬಿಸಿ ನೋಡಿ ಬರೆದಿಡುವುದು ನನ್ನ ಪಾಲಿಗೆ ಬಂದಿತ್ತು. ಟೆಂಪರೇಚರ್ ಗನ್ ಹಿಡಿಯುವುದು, ಕೆಂಪು ಚುಕ್ಕೆ ಬಿದ್ದ ಜಾಗದ ಅಂಕಿ ಬರೆಯುವುದು, ಅಷ್ಟೇ. ಬಸ್‌ಬಾರ್‌ನ, ಅಂದರೆ ಕರೆಂಟ್ ಹರಿಯುವ ತಾಮ್ರದ ಪಟ್ಟಿಯ, ಒಂದು ಜಾಯಿಂಟ್ 37 ಡಿಗ್ರಿ ತೋರಿಸಿತು. ಪಕ್ಕದ ಸ್ಲೀವ್ (ಪಟ್ಟಿಗೆ ತೊಡಿಸಿದ ಇನ್ಸುಲೇಶನ್ ಹೊದಿಕೆ) ಕಂದು ಬಣ್ಣಕ್ಕೆ ತಿರುಗಿದ್ದು ಕಣ್ಣಿಗೆ ಬಿದ್ದಿದ್ದರೂ ಅಂಕಿಯನ್ನೇ ನಂಬಿದೆ.

ಮರುದಿನ ಸೀನಿಯರ್ ಆ ಸ್ಲೀವ್ ನೋಡಿದವರೇ ಲೈನ್ ಬಂದ್ ಮಾಡಿಸಿದರು. ಬೋಲ್ಟ್ ಸಡಿಲವಾಗಿ ಜಾಯಿಂಟ್ ಕಾಯುತ್ತಿತ್ತು. ‘ನೀನು ಓದಿದ್ದು ತಾಮ್ರದ ಬಿಸಿಯಲ್ಲಪ್ಪ, ಅದರಲ್ಲಿ ಕಂಡ ನಿನ್ನದೇ ಮೈಬಿಸಿ’ ಎಂದರು.

ಗನ್ ಅಳೆಯುವುದು ಮೇಲ್ಮೈಯಿಂದ ಬರುವ ಇನ್‌ಫ್ರಾರೆಡ್ ಕಿರಣಗಳನ್ನು. ಹೊಳೆಯುವ ಲೋಹ ತಾನು ಹೊರಸೂಸುವುದು ತೀರಾ ಕಡಿಮೆ. ಕನ್ನಡಿಯ ಹಾಗೆ ಸುತ್ತಲಿನ ಬಿಸಿಯನ್ನೇ ಹಿಂದಕ್ಕೆ ಕಳಿಸುತ್ತದೆ. ಈ ಹೊರಸೂಸುವ ಗುಣಕ್ಕೆ ಎಮಿಸಿವಿಟಿ ಎನ್ನುತ್ತಾರೆ. ಸಾಮಾನ್ಯವಾಗಿ ಗನ್‌ಗಳು 0.95ಕ್ಕೆ ಸೆಟ್ ಆಗಿರುತ್ತವೆ. ಪಾಲಿಶ್ ಆದ ತಾಮ್ರದ್ದು 0.1ಕ್ಕಿಂತಲೂ ಕಡಿಮೆ. ಗನ್ನಿನಲ್ಲಿ ಸೆಟ್ಟಿಂಗ್ ಇಳಿಸಿದರಾಯಿತಲ್ಲ ಎನ್ನುವವರಿದ್ದಾರೆ. ಇಷ್ಟು ಹೊಳೆಯುವ ಲೋಹದ ಮೇಲೆ ನಾನು ಅದನ್ನು ನಂಬುವುದಿಲ್ಲ. ಈಗ ಶಟ್‌ಡೌನ್ ಸಿಕ್ಕಾಗ, ಲೈನ್ ಬಂದ್ ಆಗಿರುವುದನ್ನು ಟೆಸ್ಟ್ ಮಾಡಿಕೊಂಡ ಮೇಲೆಯೇ, ಜಾಯಿಂಟ್ ಮೇಲೆ ಕಪ್ಪು ಇನ್ಸುಲೇಶನ್ ಟೇಪನ್ನು ಪಕ್ಕಪಕ್ಕದಲ್ಲಿ ಎರಡು ಮೂರು ಪಟ್ಟಿ ಅಂಟಿಸುತ್ತೇವೆ. ಲೋಡ್ ಬಂದು ಟೇಪಿಗೂ ಬಿಸಿ ಹತ್ತಿದ ಮೇಲೆ ಓದಿದರೆ ಅಂಕಿ ನಿಜಕ್ಕೆ ಹತ್ತಿರ.

ದೂರದ ಲೆಕ್ಕವೂ ನನಗೆ ಗೊತ್ತಿರಲಿಲ್ಲ. ಕೆಂಪು ಚುಕ್ಕೆ ಗುರಿ ತೋರಿಸುವುದಕ್ಕೆ ಮಾತ್ರ. ಗನ್ ಓದುವ ವೃತ್ತ ಅದಕ್ಕಿಂತ ಎಷ್ಟೋ ದೊಡ್ಡದು. 12:1 ಗನ್, ಅಂದರೆ ದೂರದ ಹನ್ನೆರಡರಲ್ಲಿ ಒಂದು ಪಾಲಿನಷ್ಟು ಅಗಲದ ವೃತ್ತ ಓದುವ ಗನ್, ಹಿಡಿದು 120 ಸೆಂ.ಮೀ. ದೂರ ನಿಂತರೆ 10 ಸೆಂ.ಮೀ. ಅಗಲದ ವೃತ್ತದ ಸರಾಸರಿ ಬರುತ್ತದೆ. ಜಾಯಿಂಟ್ 5 ಸೆಂ.ಮೀ. ಇದ್ದರೆ ಉಳಿದದ್ದೆಲ್ಲ ಹಿಂದಿನ ತಣ್ಣನೆಯ ಶೀಟು. ಹಾಗೆಂದು ಲೈವ್ ಪ್ಯಾನೆಲ್ ಒಳಗೆ ಕೈ ಚಾಚುವಂತಿಲ್ಲ, ದಯವಿಟ್ಟು ಯಾರೂ ಚಾಚಬೇಡಿ. 50:1 ಗನ್ ಇದ್ದರೆ ಒಂದು ಮೀಟರ್ ದೂರದಿಂದಲೂ 2 ಸೆಂ.ಮೀ. ವೃತ್ತ ಸಿಗುತ್ತದೆ. ಪ್ಯಾನೆಲ್‌ನ ಗಾಜಿನ ಕಿಟಕಿಯಾಚೆಯಿಂದ ಹಿಡಿದರೆ ಮಾತ್ರ ಯಾವ ಗನ್ನಾದರೂ ಗಾಜಿನ ಬಿಸಿಯನ್ನೇ ಹೇಳುತ್ತದೆ.

ಎಸಿ ರೂಮಿನಿಂದ ತಂದ ಗನ್ನನ್ನು ಅರ್ಧ ಗಂಟೆ ಪ್ಯಾನೆಲ್ ಹತ್ತಿರ ಇಟ್ಟು, ಲೆನ್ಸ್ ಒರೆಸಿಕೊಂಡು ಶುರುಮಾಡುತ್ತೇನೆ. ರಿಜಿಸ್ಟರ್‌ನಲ್ಲಿ ಅಂಕಿಯ ಪಕ್ಕ ಎರಡು ಕಾಲಂ ಗೆರೆ ಎಳೆದಿದ್ದೇನೆ: ಎಷ್ಟು ದೂರದಿಂದ, ಯಾವ ಮೇಲ್ಮೈ. ಟೇಪ್ ಇಲ್ಲದ ಹೊಳೆಯುವ ತಾಮ್ರವಾದರೆ ಅಂಕಿಯ ಜಾಗ ಖಾಲಿ ಬಿಡುತ್ತೇನೆ.