ಸೊನ್ನೆ ಬೇಡ, ಸ್ವಲ್ಪ ಇರಲಿ

ಹವಳದ ಟ್ಯಾಂಕ್ ಇಟ್ಟವರು ಇಬ್ಬರು ಸೇರಿದರೆ ಸಾಕು, "ನಿಮ್ಮ ಫಾಸ್ಫೇಟ್ ಎಷ್ಟು?" ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಮೀನಿನ ಊಟ, ಹಿಕ್ಕೆಯಿಂದ ನೀರಿಗೆ ಸೇರುವ ರಂಜಕದ ರೂಪ ಅದು. ಕೆಲವರು ಹೆಮ್ಮೆಯಿಂದ "ಸೊನ್ನೆ" ಅನ್ನುತ್ತಾರೆ. ಆ ಉತ್ತರ ಕೇಳಿದರೆ ನನಗೆ ಭಯವೇ ಆಗುತ್ತದೆ.

ಡಲ್ಲಾಸ್ ಹತ್ತಿರದ ನಮ್ಮ ಮನೆಯ ಹಾಲ್‌ನಲ್ಲಿ 75 ಗ್ಯಾಲನ್, ಅಂದರೆ ಸುಮಾರು 280 ಲೀಟರಿನ ಟ್ಯಾಂಕ್ ಇದೆ. ಒಂದು ಜೋಡಿ ಕ್ಲೌನ್ ಮೀನು, ಒಂದು ಹಳದಿ ಟ್ಯಾಂಗ್. ಕೆಳಗಡೆ ಜೋಅಂಥಿಡ್, ಮಧ್ಯದಲ್ಲಿ ಯೂಫಿಲಿಯಾ, ಮೇಲೆ ಬೆಳಕಿನ ಹತ್ತಿರ ಆಕ್ರೋಪೋರಾ. ಈ ಮೂರು ಬಗೆಯ ಹವಳವೂ ಟ್ಯಾಂಕಿನಲ್ಲೇ ಬೆಳೆಸಿದ ಹವಳದಿಂದ ಕತ್ತರಿಸಿದ ತುಂಡುಗಳು. (ಊರಿನಿಂದ "ನಾವೂ ಇಡಬಹುದಾ?" ಅಂತ ಕೇಳುವವರಿಗೆ: ಭಾರತದಲ್ಲಿ ಗಟ್ಟಿ ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿವೆ, ಹುಲಿಯ ಜೊತೆಗೆ. ದಯವಿಟ್ಟು ಆ ಕಡೆ ಹೋಗಬೇಡಿ.)

ಹವಳದ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಇರುತ್ತದೆ. ಬೆಳಕಿನಲ್ಲಿ ಅದು ಆಹಾರ ಮಾಡಿ ಹವಳಕ್ಕೆ ಕೊಡುತ್ತದೆ. ಆ ಪಾಚಿಗೆ ಸಾರಜನಕವೂ ಬೇಕು, ರಂಜಕವೂ ಬೇಕು. ಟ್ಯಾಂಕಿನಲ್ಲಿ ನಾವು ಅಳೆಯುವ ನೈಟ್ರೇಟ್, ಫಾಸ್ಫೇಟ್ ಇವುಗಳದ್ದೇ ರೂಪ. ಸಮುದ್ರದ ನೀರಿನಲ್ಲಿ ಇವೆರಡೂ ಬಹಳ ಕಡಿಮೆ ನಿಜ. ಆದರೆ ಅಲ್ಲಿ ಹಗಲು ರಾತ್ರಿ ಪ್ಲಾಂಕ್ಟನ್, ಅಂದರೆ ನೀರಿನಲ್ಲಿ ತೇಲುವ ಸಣ್ಣ ಜೀವಿಗಳು, ಹರಿದು ಬರುತ್ತಲೇ ಇರುತ್ತದೆ. ನಮ್ಮ ಗಾಜಿನ ಪೆಟ್ಟಿಗೆಯಲ್ಲಿ ಅದೆಲ್ಲಿಂದ ಬರಬೇಕು? ನೈಟ್ರೇಟ್ ಜಾಸ್ತಿಯಿದ್ದು ಫಾಸ್ಫೇಟ್ ಸಿಗದೇ ಹೋದರೆ ಹವಳ ಬಿಸಿಗೆ, ಬೆಳಕಿಗೆ ಬೇಗ ಬಿಳಿಚಿಕೊಳ್ಳುತ್ತದೆ ಅಂತ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಯೋರ್ಗ್ ವೀಡೆನ್‌ಮನ್ ತಂಡ ತೋರಿಸಿದೆ.

ಸೊನ್ನೆ ಏನು ಮಾಡುತ್ತದೆ ಅನ್ನೋದನ್ನು ಗೆಳೆಯರೊಬ್ಬರ ಮನೆಯಲ್ಲಿ ಕಣ್ಣಾರೆ ನೋಡಿದೆ. ಫಾಸ್ಫೇಟ್, ನೈಟ್ರೇಟ್ ಎರಡೂ ಸೊನ್ನೆ. ನೀರು ತಿಳಿಯಾಗಿ ಹೊಳೆಯುತ್ತಿತ್ತು. ಆದರೆ ಮರಳಿನ ಮೇಲೆ ಕಂದು ಬಣ್ಣದ ಲೋಳೆ, ಅದರ ಎಳೆಎಳೆಯಲ್ಲೂ ಗಾಳಿಗುಳ್ಳೆ. ಬೆಳಗ್ಗೆ ಕಡಿಮೆ, ಸಂಜೆಯ ಹೊತ್ತಿಗೆ ಹವಳದ ತುದಿಯವರೆಗೂ ಹಬ್ಬಿರುತ್ತಿತ್ತು. ಅದು ಡೈನೋಫ್ಲಾಜೆಲೇಟ್ ಅನ್ನುವ ಸೂಕ್ಷ್ಮಜೀವಿ. ಬೇರೆ ಪಾಚಿ, ಬ್ಯಾಕ್ಟೀರಿಯಾ ಹಸಿದು ಸೊರಗಿದಾಗ ಖಾಲಿ ಜಾಗ ಹಿಡಿಯುತ್ತದೆ. ಫಾಸ್ಫೇಟ್ ಹೀರುವ ಜಿಎಫ್‌ಓ (ಕಬ್ಬಿಣದ ಆಕ್ಸೈಡಿನ ಹರಳು) ತೆಗೆದು, ಮೀನಿಗೆ ಊಟ ಜಾಸ್ತಿ ಮಾಡಿ, ನೈಟ್ರೇಟ್, ಫಾಸ್ಫೇಟನ್ನು ಹನಿಹನಿಯಾಗಿ ಕೈಯಾರೆ ಹಾಕಿದ ಮೇಲೇ ಅದು ನಿಧಾನಕ್ಕೆ ಹಿಂದೆ ಸರಿದದ್ದು.

ನಾನು ಇಟ್ಟುಕೊಳ್ಳುವುದು ನೈಟ್ರೇಟ್ 5ರಿಂದ 10 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಇಷ್ಟು ಭಾಗ), ಫಾಸ್ಫೇಟ್ 0.05ರಿಂದ 0.1. ಆ ಅಂಕಿಗಿಂತ ಅದು ಅಲ್ಲಾಡದೆ ನಿಲ್ಲುವುದು ಮುಖ್ಯ.

ಇಷ್ಟು ಸಣ್ಣ ಅಂಕಿಯನ್ನು ಬಣ್ಣದ ಚಾರ್ಟ್ ನೋಡಿ ಹೇಳೋಕಾಗಲ್ಲ. ನಾನು ಹ್ಯಾನಾ ಚೆಕರ್ ಅನ್ನುವ ಸಣ್ಣ ಅಳತೆ ಯಂತ್ರ ಬಳಸುತ್ತೇನೆ. ಸಣ್ಣ ಗಾಜಿನ ಸೀಸೆಗೆ 10 ಮಿಲಿ ಟ್ಯಾಂಕ್ ನೀರು, ಮೊದಲು ಹಾಗೇ ಯಂತ್ರದೊಳಗೆ ಇಟ್ಟು ಸೊನ್ನೆ ಮಾಡಿಸಬೇಕು. ಆಮೇಲೆ ಪುಡಿ ಹಾಕಿ ಎರಡು ನಿಮಿಷ ಮೆಲ್ಲಗೆ ಅಲ್ಲಾಡಿಸಿ, ಒಳಗಿಟ್ಟು ಮೂರು ನಿಮಿಷ ಕಾಯಬೇಕು. ಸೀಸೆಯ ಮೇಲೆ ಬೆರಳಚ್ಚು ಇದ್ದರೂ ಅಂಕಿ ಏರುತ್ತದೆ, ಚೆನ್ನಾಗಿ ಒರೆಸಿ. ನನ್ನ ಹತ್ತಿರ ಇರುವ ಚೆಕರ್ ತೋರಿಸುವುದು ರಂಜಕವನ್ನು, ಪಿಪಿಬಿ ಲೆಕ್ಕದಲ್ಲಿ (ಪಿಪಿಎಂನ ಸಾವಿರದ ಒಂದು ಪಾಲು). ಅದನ್ನು 3.066ರಿಂದ ಗುಣಿಸಿ 1000ದಿಂದ ಭಾಗಿಸಿದರೆ ಫಾಸ್ಫೇಟ್. 20 ಬಂದರೆ 0.06.

ನೈಟ್ರೇಟ್, ಫಾಸ್ಫೇಟ್ ಜಾಸ್ತಿ ಇದ್ದಾಗ ಜನ ಮೊದಲು ಮೀನಿನ ಊಟಕ್ಕೇ ಕೈ ಹಾಕುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಹೊಟ್ಟೆ ತುಂಬಾ ತಿನ್ನುವ ಮೀನು ಗಟ್ಟಿಮುಟ್ಟಾಗಿರುತ್ತದೆ, ಅದರ ಹಿಕ್ಕೆ ಹವಳಕ್ಕೂ ಊಟ. ಫ್ರೋಜನ್ ಮೈಸಿಸ್ ಸಿಗಡಿ ತೊಳೆದು ಹಾಕಿ ಅನ್ನುತ್ತಾರೆ. ತೊಳೆದ ನೀರಲ್ಲಿ ಹೋಗುವ ಫಾಸ್ಫೇಟ್ ಸ್ವಲ್ಪವೇ, ಬಹುಪಾಲು ಆ ಸಿಗಡಿಯ ಮೈಯೊಳಗೇ ಇರುತ್ತದೆ. ಊಟ ಹಾಗೇ ಇರಲಿ, ಹೊರಗೆ ಹೋಗುವ ದಾರಿ ದೊಡ್ಡದು ಮಾಡಿ.

ನೀರು ಬದಲಿಸುವುದರಿಂದ ಎಷ್ಟು ಹೋಗುತ್ತದೆ ಅಂತ ಲೆಕ್ಕ ಹಾಕಿ. ನೈಟ್ರೇಟ್ 20 ಇದ್ದಾಗ ಹತ್ತು ಪರ್ಸೆಂಟ್ ಬದಲಿಸಿದರೆ 18, ಅಷ್ಟೇ. ಫಾಸ್ಫೇಟ್ ಇನ್ನೂ ಹಟಮಾರಿ. ಬಂಡೆ, ಮರಳು ಅದನ್ನು ಹಿಡಿದಿಟ್ಟುಕೊಂಡಿರುತ್ತವೆ. ನೀರಿನಲ್ಲಿ ಫಾಸ್ಫೇಟ್ ಕಡಿಮೆಯಾದ ಕೂಡಲೇ ಮಳೆಗಾಲದ ಗೋಡೆಯ ತೇವದ ಹಾಗೆ ಮತ್ತೆ ಹೊರಗೆ ಬಿಡುತ್ತವೆ.

ನನ್ನ ಟ್ಯಾಂಕಿನಲ್ಲಿ ದುಡಿಯುವುದು ಎರಡು. ಒಂದು, ಪ್ರೋಟೀನ್ ಸ್ಕಿಮ್ಮರ್, ನೊರೆ ಎಬ್ಬಿಸಿ ನೀರಿನ ಕೊಳೆ ತೆಗೆಯುವ ಯಂತ್ರ. ಎರಡನೆಯದು, ಟ್ಯಾಂಕಿನ ಕೆಳಗೆ ಜೋಡಿಸಿದ ಸಣ್ಣ ತೊಟ್ಟಿಯಲ್ಲಿ (ಸಂಪ್) ಬೆಳೆಯುವ ಕೀಟೋಮಾರ್ಫಾ ಪಾಚಿ. ಅದಕ್ಕೆ ರಾತ್ರಿ ಹೊತ್ತು ಲೈಟ್ ಹಾಕುತ್ತೇನೆ, ಪಿಹೆಚ್ ಬೀಳುವುದೂ ಕಡಿಮೆಯಾಗುತ್ತದೆ. ದಟ್ಟವಾದಾಗ ಒಂದಷ್ಟು ಕಿತ್ತು ಹಿಂಡಿ ಎಸೆದರೆ ಅದು ತಿಂದ ನೈಟ್ರೇಟ್, ಫಾಸ್ಫೇಟ್ ಎರಡೂ ಮನೆಯಿಂದಲೇ ಹೊರಗೆ.

ಅಷ್ಟಾದರೂ ಫಾಸ್ಫೇಟ್ 0.2 ದಾಟಿದರೆ ಮಾತ್ರ ಜಿಎಫ್‌ಓ. ಡಬ್ಬಿಯ ಮೇಲೆ ಬರೆದ ಅಳತೆಯ ಅರ್ಧಕ್ಕಿಂತ ಜಾಸ್ತಿ ಬೇಡ. ಫಾಸ್ಫೇಟ್ ಧಡಕ್ಕನೆ ಇಳಿದರೆ ಆಕ್ರೋಪೋರಾ ತಡೆಯುವುದಿಲ್ಲ. ಎರಡು ದಿನಕ್ಕೊಮ್ಮೆ ಅಳೆಯಿರಿ. 0.1 ಬಂದ ಕೂಡಲೇ ಜಿಎಫ್‌ಓ ಚೀಲ ತೆಗೆದುಬಿಡಿ, ಉಳಿದದ್ದನ್ನು ಕೀಟೋ ನೋಡಿಕೊಳ್ಳುತ್ತದೆ.