ಬಾಗಲಕೋಟೆಯ ಬಿಸಿಲಲ್ಲಿ 16 ಎಂಎಂ: ಕೊನೆಗೂ ಎಮಲ್ಷನ್ ಉಳಿಯಿತು

ಐವತ್ತು ಅಡಿ ಫಿಲ್ಮ್ ಒಣಗಿ ಕೈಗೆ ಬಂದಿದೆ. ಚಿತ್ರ ಮೂಡುವ ಜೆಲಾಟಿನ್ ಪದರ, ಅಂದರೆ ಎಮಲ್ಷನ್, ಎಲ್ಲೂ ಸುಲಿದಿಲ್ಲ, ಎಲ್ಲೂ ಸುಕ್ಕಿಲ್ಲ. ಗುಳೇದಗುಡ್ಡದಲ್ಲಿ ಖಣ ನೇಯುವ ಕಾಕಾನ ಕೈ, ಓಡುವ ಲಾಳಿ, ಹಣಿಗೆಯ ಹಲ್ಲು, ಎಲ್ಲ ನೆಗೆಟಿವ್‌ನಲ್ಲಿ ಚೊಕ್ಕವಾಗಿ ಮೂಡಿವೆ. ಬೇಸಿಗೆಯಲ್ಲಿ ಮನೆಯಲ್ಲೇ ಫಿಲ್ಮ್ ತೊಳೆಯುವವರಿಗೆ ಇದು ಉಪಯೋಗ ಆಗಬಹುದು. ಹಾಗಾಗಿ ಎಲ್ಲವನ್ನೂ ಬರೆದಿಡುತ್ತಿದ್ದೇನೆ.

ಶೂಟಿಂಗ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕ್ಯಾಮೆರಾ ಕ್ರಾಸ್ನೊಗೋರ್ಸ್ಕ್-3, ಫಿಲ್ಮ್ ಕೊಡಾಕ್ ಡಬಲ್-ಎಕ್ಸ್ 7222. ನೂರು ಅಡಿ ಅಂದರೆ 4000 ಫ್ರೇಮ್, ಸೆಕೆಂಡಿಗೆ 24 ಫ್ರೇಮ್ ವೇಗದಲ್ಲಿ 2 ನಿಮಿಷ 46 ಸೆಕೆಂಡ್. ಒಮ್ಮೆ ಚಾವಿ ಕೊಟ್ಟರೆ ಸುಮಾರು 25 ಸೆಕೆಂಡ್ ಓಡುತ್ತದೆ. ಕುಣಿಮಗ್ಗದ ಮನೆಯಲ್ಲಿ ಬೆಳಕು ಬರುವುದು ಒಂದೇ ಬೆಳಕಿಂಡಿಯಿಂದ. ಲೆನ್ಸನ್ನು 1.9ಕ್ಕೆ ಪೂರ್ತಿ ತೆರೆದು, ಆ ಬೆಳಕು ಮಗ್ಗದ ಮೇಲೆ ಬೀಳುವ ಹೊತ್ತಿಗಾಗಿ ಕಾದು ತೆಗೆದೆವು. ಕಾಕಾ ಸ್ವಲ್ಪವೂ ಬೇಸರ ಮಾಡಿಕೊಳ್ಳಲಿಲ್ಲ. "ನಿನ್ನ ಮಿಷನ್ನಿಗೂ ಚಾವಿ, ನನ್ನ ಮಗ್ಗಕ್ಕೂ ಕರೆಂಟ್ ಬ್ಯಾಡ. ಭಾಳ ಚಲೋ ಆತು ತಮ್ಮಾ" ಅಂದರು.

ತೊಂದರೆ ಶುರುವಾಗಿದ್ದು ಮನೆಗೆ ಬಂದ ಮೇಲೆ. ಕತ್ತಲಲ್ಲಿ ರೋಲನ್ನು ಎರಡು ಭಾಗ ಮಾಡಿ ಫಿಲ್ಮ್ ತೊಳೆಯುವ ಲೋಮೋ ಟ್ಯಾಂಕಿಗೆ ಸುತ್ತುವುದು ನಿಮಗೆಲ್ಲ ಗೊತ್ತಿರುವ ಕೆಲಸ. ಆದರೆ ನಮ್ಮ ಏಪ್ರಿಲ್ ಬೇರೆ! ಮಾಳಿಗೆಯ ಸಿಂಟೆಕ್ಸ್ ನೀರು ಮಧ್ಯಾಹ್ನಕ್ಕೆ ಕೈ ಇಡಲಾಗದಷ್ಟು ಕಾಯುತ್ತದೆ, ರಾತ್ರಿಯೂ ಪೂರ್ತಿ ಆರುವುದಿಲ್ಲ. ಡೇಟಾ ಶೀಟ್‌ಗಳೆಲ್ಲ 20 ಡಿಗ್ರಿ ಅನ್ನುತ್ತವೆ. ಐಸ್ ಗಡ್ಡೆ ಸುತ್ತಲೂ ಇಟ್ಟು ಡಿ-76 ಡೆವಲಪರನ್ನು (ಚಿತ್ರ ಮೂಡಿಸುವ ದ್ರಾವಣ) 20ಕ್ಕೆ ಇಳಿಸಬಹುದು. ಆದರೆ ಟ್ಯಾಂಕಿಗೆ ಹಾಕುವಾಗ 20 ಇದ್ದದ್ದು ಹೊರಗೆ ತೆಗೆಯುವಾಗ 24 ಆಗಿರುತ್ತಿತ್ತು. ಮೂಡಿದ ಚಿತ್ರವನ್ನು ಕಾಯಂ ಮಾಡುವ ಫಿಕ್ಸರ್ 33, ತೊಳೆಯುವ ನೀರು 36. ರೋಲಿಗೆ ಕೈ ಹಾಕುವ ಮೊದಲು ತೊಳೆದ ಪರೀಕ್ಷೆಯ ತುಂಡುಗಳೆಲ್ಲ ಒಂದೇ ಕತೆ ಹೇಳಿದವು. ಅಂಚಿನಲ್ಲಿ, ತೂತುಗಳ ಪಕ್ಕದಲ್ಲಿ ಎಮಲ್ಷನ್ ಎದ್ದು ಬರುತ್ತದೆ. ನಡುವೆ ಒಣಗಿದ ಕೆರೆಯಂಗಳದಂತೆ ಸಣ್ಣ ಸಣ್ಣ ಬಿರುಕು. ಅದೇ ರೆಟಿಕ್ಯುಲೇಶನ್.

ನೀರು ಬಿಸಿಯಾದಷ್ಟೂ ಜೆಲಾಟಿನ್ ಜಾಸ್ತಿ ಉಬ್ಬುತ್ತದೆ, ಮೆತ್ತಗಾಗುತ್ತದೆ. ತಣ್ಣಗಿನ ದ್ರಾವಣದಿಂದ ಎದ್ದು ಬಿಸಿ ದ್ರಾವಣಕ್ಕೆ ಬಿದ್ದಾಗ ಒಮ್ಮೆಲೇ ಉಬ್ಬುತ್ತದೆ, ಆಮೇಲೆ ಕುಗ್ಗುವಾಗ ಸುಕ್ಕಾಗುತ್ತದೆ. ಅಂದರೆ ಡೆವಲಪರ್ ಒಂದನ್ನೇ ತಣ್ಣಗೆ ಮಾಡಿದಷ್ಟೂ ಮುಂದಿನ ಏಟು ಜೋರು. ಎಲ್ಲವನ್ನೂ 20ಕ್ಕೆ ಇಳಿಸೋಣ ಅಂದರೆ, ತೊಳೆಯುವ ನೀರೇ ಬಕೆಟ್‌ಗಟ್ಟಲೆ ಬೇಕು. ಅಷ್ಟು ಐಸ್ ಎಲ್ಲಿಂದ ತರುವುದು? ಆಗಲೇ ಅವ್ವ "ಫ್ರಿಜ್‌ನಾಗ ಹಾಲು ಇಡಾಕ ಜಾಗ ಇಲ್ಲಲ್ಲೋ" ಅಂತ ಶುರು ಮಾಡಿದ್ದಳು. ಅವಳ ಮಾತು ನ್ಯಾಯವೇ. ಕೆಳಗಿನ ಖಾನೆಯಲ್ಲಿ ಫಿಲ್ಮ್ ಡಬ್ಬಿ, ಮೇಲೆಲ್ಲ ಐಸ್.

ಇಲ್ಲಿ ಕೆಮಿಕಲ್ ಅಂಗಡಿಯವರ ಕತೆ ಹೇಳಲೇಬೇಕು. ಡಿ-76 ನಾವೇ ಬೆರೆಸುತ್ತೇವೆ. ಲೀಟರಿಗೆ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100, ಹೈಡ್ರೋಕ್ವಿನೋನ್ 5, ಬೋರಾಕ್ಸ್ 2. ಆರ್ಡರ್ ಮಾಡಿದ್ದು ಸಲ್ಫೈಟ್. ಬಿಲ್ಲಿನಲ್ಲೂ ಸಲ್ಫೈಟ್. ಡಬ್ಬಿಯ ಮೇಲೆ ಮಾತ್ರ ಸಲ್ಫೇಟ್! ಫೋನ್ ಮಾಡಿದರೆ "ಎರಡೂ ಒಂದ ರೀ, ಬಿಳಿ ಪುಡಿ" ಅನ್ನುತ್ತಾರೆ. ಒಂದೇ ಅಲ್ಲ. ಸಲ್ಫೈಟ್ ಇಲ್ಲದಿದ್ದರೆ ಡೆವಲಪರ್ ಗಾಳಿ ಹಿಡಿದು ಬೇಗ ಕಂದಾಗಿ ಸಾಯುತ್ತದೆ. ನಿಮಗೂ ಲೇಬಲ್ ಮೇಲೆ ನಂಬಿಕೆ ಬರದಿದ್ದರೆ, ಕಿಟಕಿ ತೆರೆದಿಟ್ಟು, ಚಿಟಿಕೆ ಪುಡಿಗೆ ಒಂದೆರಡು ಹನಿ ಆಸಿಡ್ ಬಿಟ್ಟು ನೋಡಿ. ಸಲ್ಫೈಟ್ ಆದರೆ ಕಡ್ಡಿಪೆಟ್ಟಿಗೆ ಗೀರಿದಾಗಿನ ಘಾಟು ಬರುತ್ತದೆ, ಸಲ್ಫೇಟ್ ಸುಮ್ನೆ ಇರುತ್ತದೆ. ಆ ಡಬ್ಬಿಯನ್ನು ಅವರು ವಾಪಸ್ ತೆಗೆದುಕೊಳ್ಳಲಿಲ್ಲ. ಸಲ್ಫೈಟಿಗೆ ಮತ್ತೆ ದುಡ್ಡು ಕೊಟ್ಟೆ. ವಿದ್ಯಾರ್ಥಿಗಳ ಜೇಬು ಅಂದರೆ ಇವರಿಗೆ ಲೆಕ್ಕವೇ ಇಲ್ಲ.

ಆದರೆ ದಾರಿ ಸಿಕ್ಕಿದ್ದು ಅದೇ ಡಬ್ಬಿಯಲ್ಲಿ. ಬಿಸಿ ದೇಶಗಳಿಗಾಗಿ ಕೊಡಾಕ್ ಹಿಂದೆ ಕೊಟ್ಟ ಡಿಕೆ-15 ಡೆವಲಪರ್ ಸೂತ್ರವನ್ನು ಓದುತ್ತಿದ್ದಾಗ, ಅದರಲ್ಲಿ ಲೀಟರಿಗೆ 45 ಗ್ರಾಂ ಸೋಡಿಯಂ ಸಲ್ಫೇಟ್ ಇರುವುದು ಕಂಡಿತು. ಇದು ಚಿತ್ರ ಮೂಡಿಸುವ ಕೆಲಸ ಏನೂ ಮಾಡುವುದಿಲ್ಲ. ದ್ರಾವಣದಲ್ಲಿ ಉಪ್ಪು ಹೆಚ್ಚಿದರೆ ಜೆಲಾಟಿನ್ ನೀರು ಕುಡಿಯುವುದು ಕಡಿಮೆ ಆಗುತ್ತದೆ, ಅಷ್ಟೇ. ಜೊತೆಗೆ ಡೆವಲಪರ್‌ನ ವೇಗವೂ ತಗ್ಗುತ್ತದೆ. ಅದೂ ನಮಗೆ ಬೇಕಾದದ್ದೇ ಅಲ್ವಾ? ಬಿಸಿಯಲ್ಲಿ ಸಮಯ ತೀರಾ ಇಳಿದರೆ ಫಿಲ್ಮ್ ಮೇಲೆ ಪಟ್ಟೆ ಪಟ್ಟೆ ಬರುತ್ತದೆ.

ಹಾಗಾಗಿ 20ರ ಆಸೆ ಬಿಟ್ಟು ಎಲ್ಲಕ್ಕೂ 28 ಅಂತ ನಿಗದಿ ಮಾಡಿದೆ. 28 ಯಾಕೆ ಅಂದರೆ ಅದು ನಮ್ಮ ಹರವಿ ಕೊಡುವ ಉಷ್ಣತೆ. ಈ ಒಣ ಹವೆಯಲ್ಲಿ ಮಣ್ಣಿನ ಹರವಿಯಿಂದ ನೀರು ಆವಿಯಾಗುತ್ತಲೇ ಇರುತ್ತದೆ. ರಾತ್ರಿ ತುಂಬಿಟ್ಟರೆ ನಸುಕಿಗೆ 27-28ಕ್ಕೆ ಬಂದು ನಿಂತಿರುತ್ತದೆ. ಅಜ್ಜಿಯ ಕಾಲದ ಎರಡು ಹರವಿ ಅಟ್ಟದಿಂದ ಇಳಿದವು, ಪೇಟೆಯಿಂದ ಇನ್ನೆರಡು ಬಂದವು. ಡೆವಲಪರ್, ಫಿಕ್ಸರ್ ಬಾಟಲಿಗಳನ್ನೂ ಅದೇ ನೀರಿನ ಬಕೆಟ್ಟಿನಲ್ಲಿ ನಿಲ್ಲಿಸಿದೆ. ಡಿ-76ಕ್ಕೆ ಲೀಟರಿಗೆ 75 ಗ್ರಾಂ ಸಲ್ಫೇಟ್ ಸೇರಿಸಿದೆ. ಅದು ನೀರಿನ ಅಂಶ ತೆಗೆದ ಪುಡಿ. ನಿಮ್ಮದು ಹರಳು ರೂಪದ್ದಾದರೆ ತೂಕ ಎರಡು ಪಟ್ಟಿಗಿಂತ ಜಾಸ್ತಿ ಬೇಕು. ಸಮಯ 20 ಡಿಗ್ರಿಗೆ ಹೇಳಿದ್ದನ್ನೇ ಇಟ್ಟೆ. ಫಿಕ್ಸರ್ ಮಾತ್ರ ಪಟಿಕ ಇರುವ ಎಫ್-5 ಸೂತ್ರದ್ದು. ಇದನ್ನು ಬಿಡಬೇಡಿ. ಸಲ್ಫೇಟ್ ಜೆಲಾಟಿನ್ನಿಗೆ ಕಾವಲಿರುವುದು ಡೆವಲಪರ್‌ನಲ್ಲಿ ಮಾತ್ರ. ಬರೀ ನೀರಿಗೆ ಇಳಿಯುವ ಮೊದಲು ಜೆಲಾಟಿನ್ ಗಟ್ಟಿಯಾಗಿರಲೇಬೇಕು, ಆ ಕೆಲಸ ಪಟಿಕದ್ದು. ಕೊನೆಯ ತೊಳೆತ ಮಾತ್ರ ಆರ್‌ಓ ನೀರಿನಲ್ಲಿ. ನಮ್ಮ ಬೋರ್ ನೀರು ಒಣಗಿದರೆ ಫ್ರೇಮಿನ ಮೇಲೆ ಬಿಳಿ ಕಲೆ ಖಾತ್ರಿ.

ಅರ್ಧ ರೋಲ್ ಹೀಗೆ ಬಂತು. ನೆರಳಿನಲ್ಲೂ ಎಳೆ ಎಳೆ ಕಾಣುತ್ತದೆ. ಗ್ರೇನ್ (ಚಿತ್ರದಲ್ಲಿ ಕಾಣುವ ಕಣ) ಸ್ವಲ್ಪ ದಪ್ಪ, ಆದರೆ ಖಣದ ನೇಯ್ಗೆಗೆ ಅದು ಒಪ್ಪುತ್ತದೆ ಅಂತ ನನ್ನ ಗಟ್ಟಿ ಅಭಿಪ್ರಾಯ.

ಕಾಕಾನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳುತ್ತಿದ್ದರೆ ಅವರು ನಡುವೆಯೇ ತಡೆದರು. "ಗ್ಲಾಬರ್ ಸಾಲ್ಟ್ ಏನು? ನೂಲಿಗೆ ಬಣ್ಣ ಹಾಕವ್ರ ಕಡೆ ಚೀಲಗಟ್ಟಲೆ ಇರ್ತದಲ್ಲೋ!" ಹೌದು, ಗ್ಲಾಬರ್ ಸಾಲ್ಟ್ ಅಂದರೆ ಸೋಡಿಯಂ ಸಲ್ಫೇಟೇ. ಹತ್ತಿ ನೂಲಿಗೆ ಬಣ್ಣ ಚೆನ್ನಾಗಿ ಹಿಡಿಯಲೆಂದು ಹಾಕುವ ಉಪ್ಪು ಇದೇ. ನಾನು ಚಿತ್ರ ತೆಗೆದ ಓಣಿಯಲ್ಲೇ ನನ್ನ ಕೆಮಿಕಲ್ ಇತ್ತು! ಮುಂದಿನ ಸಲ ಅಲ್ಲಿಂದಲೇ ತರುತ್ತೇನೆ. ಬಣ್ಣದ ಕೆಲಸದ ಉಪ್ಪು ಎಷ್ಟು ಶುದ್ಧ ಅಂತ ನೋಡಲು ಮೊದಲು ತುಂಡು ಫಿಲ್ಮ್ ತೊಳೆದೇ ಮುಂದುವರಿಯುವುದು.

ಫೋನ್ ಇಡುವಾಗ ಹಿಂದೆ ಮಗ್ಗದ ಸದ್ದು ಕೇಳುತ್ತಿತ್ತು. ಆಗ ಹೊಳೆದದ್ದು ಮುಂದಿನ ಚಿತ್ರ. 16 ಎಂಎಂ ಸೌಂಡ್ ಪ್ರಿಂಟ್‌ನಲ್ಲಿ ಒಂದು ಅಂಚಿಗೆ ತೂತು, ಇನ್ನೊಂದು ಅಂಚಿಗೆ ಸೌಂಡ್ ಟ್ರ್ಯಾಕ್ ಅಲ್ವಾ? ಪ್ರೊಜೆಕ್ಟರ್ ಆ ಅಂಚಿನ ಬೆಳಕು-ಕತ್ತಲೆಯನ್ನು ಸದ್ದಾಗಿ ಓದುತ್ತದೆ. ಅಲ್ಲಿ ಖಣದ ವಿನ್ಯಾಸವನ್ನೇ ಮಸಿಯಿಂದ ಬರೆದರೆ ಖಣಕ್ಕೆ ಯಾವ ದನಿ ಬರಬಹುದು? ಸದ್ದು ಚಿತ್ರಕ್ಕಿಂತ 26 ಫ್ರೇಮ್ ಮುಂದೆ ಇರಬೇಕು, ಆ ಲೆಕ್ಕವನ್ನು ಈಗಲೇ ಬರೆದಿಟ್ಟಿದ್ದೇನೆ. ಒಂದು ಅಂಚಿಗೆ ಮಾತ್ರ ತೂತಿರುವ ಖಾಲಿ ಲೀಡರ್ (ಚಿತ್ರವಿಲ್ಲದ ಫಿಲ್ಮ್ ಪಟ್ಟಿ) ಬೇಕು. ಕೇಳಿದ ಅಂಗಡಿಗಳೆಲ್ಲ ಎರಡೂ ಕಡೆ ತೂತಿರುವುದನ್ನೇ ಕೊಡಲು ನೋಡುತ್ತಿವೆ.

ಉಳಿದ ಐವತ್ತು ಅಡಿ ಈ ಭಾನುವಾರ ನಸುಕಿನಲ್ಲಿ. ಅದರಲ್ಲಿ ಕಾಕಾನ ಮುಖದ ಹತ್ತಿರದ ಶಾಟ್‌ಗಳಿವೆ, ಸಲ್ಫೇಟ್ ಅಳತೆ ಬದಲಿಸುವುದಿಲ್ಲ. ವಿಜಯಪುರ, ಕಲಬುರಗಿ ಕಡೆ ಯಾರಾದರೂ 30 ದಾಟಿ ತೊಳೆದಿದ್ದರೆ, ಲೀಟರಿಗೆ ಎಷ್ಟು ಹಾಕಿದಿರಿ, ಫಾಗ್ (ಬೆಳಕು ಬೀಳದ ಕಡೆಯೂ ಕವಿಯುವ ಮಸುಕು) ಎಷ್ಟು ಬಂತು ಅಂತ ದಯವಿಟ್ಟು ತಿಳಿಸಿ. ಮೇ ತಿಂಗಳಲ್ಲಿ ಹರವಿಯೂ 28ಕ್ಕೆ ಇಳಿಯುತ್ತದೆ ಅನ್ನುವ ಭರವಸೆ ನನಗಿಲ್ಲ.